ಪಟ್ಟಿ ಇಲ್ಲದ ಕೈ

"ಸಿಸ್ಟರಮ್ಮಾ, ಗುಡ್ಡದ ತುದೀಲಿ ಒಬ್ಬರು ಬಿದ್ದಿದ್ದಾರೆ. ಮಗಳ ಜೊತೆ ಬಂದಿರೋ ಮೇಷ್ಟ್ರು. ಕಾಲು ಅಲ್ಲಾಡಿಸ್ತಾ ಇಲ್ಲ. ಬೇಗ ಬನ್ನಿ!"

ಫೋನಿನಲ್ಲಿ ಅಳಿಲು ಏದುಸಿರು ಬಿಡುತ್ತಿದ್ದ. ಅಳಿಲು ಅಂದರೆ ಗುಡ್ಡದ ಮೇಲೆ ಎಳನೀರು ಮಾರುವವನು. ಮರ ಹತ್ತುವ ವೇಗ ನೋಡಿ ಯಾರೋ ಇಟ್ಟ ಹೆಸರು. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಸಿಸ್ಟರ್ ಗಡಿಯಾರ ನೋಡಿದಳು. ಹನ್ನೊಂದೂ ಹತ್ತು. ಇಡೀ ದ್ವೀಪಕ್ಕೆ ಎರಡು ಹಾಸಿಗೆಯ ಒಂದೇ ಆಸ್ಪತ್ರೆ, ಆಸ್ಪತ್ರೆಗೆ ಅವಳೊಬ್ಬಳೇ. ಡಾಕ್ಟರು ವಾರಕ್ಕೊಮ್ಮೆ ವಿಮಾನದಲ್ಲಿ ಬಂದು ಹೋಗುತ್ತಾರೆ. ಉಳಿದ ಆರು ದಿನ ಯಾರಿಗೆ ಏನಾದರೂ ಸಿಸ್ಟರೇ ಗತಿ.

ಅವಳು ಮೊದಲು ಫೋನು ಮಾಡಿದ್ದು ಭಾವನಿಗೆ. ಅಕ್ಕನ ಗಂಡ. ಡೈವಿಂಗ್ ಅಂಗಡಿಯ ಯಜಮಾನ. ಪ್ರವಾಸಿಗಳ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ, ಸಮುದ್ರದೊಳಗೆ ಇಳಿಸಿ, ಮೀನು ತೋರಿಸಿ, ಜೋಪಾನವಾಗಿ ಮೇಲೆ ತರುವುದು ಅವನ ಕಸುಬು. ದ್ವೀಪದಲ್ಲಿ ಸ್ಟ್ರೆಚರ್ ಇರುವುದೂ ಅವನ ಬಳಿ, ಜೀಪು ಇರುವುದೂ ಅವನ ಬಳಿ.

"ಭಾವ, ಗುಡ್ಡದ ಮೇಲೆ ಯಾರೋ ಬಿದ್ದು ಬೆನ್ನು ಮುರ್ಕೊಂಡ ಹಾಗಿದೆ. ಸ್ಟ್ರೆಚರ್ ತಗೊಂಡು ಬನ್ನಿ."

"ಯಾರಂತೆ?"

"ಯಾರೋ ಮೇಷ್ಟ್ರು. ಮಗಳ ಜೊತೆ ಬಂದಿದ್ದಾರಂತೆ."

"ಬಂದೆ" ಅಂದ.

ಏಳೇ ನಿಮಿಷ. ಜೀಪು ಆಸ್ಪತ್ರೆ ಬಾಗಿಲಲ್ಲಿ ನಿಂತಿತು. ಸ್ಟ್ರೆಚರ್, ಬೋಟಿನ ಇಬ್ಬರು ಆಳುಗಳು, ಆಕ್ಸಿಜನ್ ಇರುವ ಹಸಿರು ಪೆಟ್ಟಿಗೆ. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳನ್ನು ಮನೆಗೆ ಕರೆತಂದು, ನರ್ಸಿಂಗ್ ಓದಿಸಿ, ಈ ಬಿಳಿ ಕೋಟು ಹಾಕಿಸಿದವನು ಈ ಭಾವನೇ. ಯಾವತ್ತೂ ಎರಡು ಸಲ ಹೇಳಿಸಿಕೊಂಡವನಲ್ಲ.

ಜೀಪು ಅರ್ಧ ಗುಡ್ಡದವರೆಗೆ ಮಾತ್ರ. ಆಮೇಲೆ ಕಾಲುದಾರಿ. ಭಾವ ಹಸಿರು ಪೆಟ್ಟಿಗೆ ಹೆಗಲಿಗೇರಿಸಿ ಓಡುನಡಿಗೆಯಲ್ಲಿ ಹೊರಟೇಬಿಟ್ಟ.

"ಭಾವ, ಸ್ವಲ್ಪ ನಿಲ್ಲಿ!" ಬಲಗಡೆಯಿಂದ ಕೂಗಿದಳು. ಅವನು ತಿರುಗಿ ನೋಡಲಿಲ್ಲ. ಹೋಗಲಿ, ಯಾರಾದರೂ ಒಬ್ಬರು ಬೇಗ ತಲುಪಿದರೆ ಒಳ್ಳೆಯದೇ ಅಂದುಕೊಂಡಳು.

ದಾರಿಯ ನಡುವೆ ಒಂದು ಕಲ್ಲುಬೆಂಚಿನ ಮೇಲೆ ಹುಡುಗಿಯೊಬ್ಬಳು ಕೂತಿದ್ದಳು. ಹಿಮ್ಮಡಿಯಲ್ಲಿ ಬೊಕ್ಕೆ, ಒಂದು ಬೂಟು ಕೈಯಲ್ಲಿ. ಸ್ಟ್ರೆಚರ್ ನೋಡಿದ್ದೇ ಎದ್ದು ನಿಂತಳು. "ಯಾರಿಗೆ? ಅಪ್ಪ ಮೇಲಿದ್ದಾರೆ. ಯಾರಿಗೆ ಹೇಳಿ!"

ಸಿಸ್ಟರ್ ನಿಲ್ಲದೆ ಮುಂದೆ ನಡೆದಳು. ಹುಡುಗಿ ಬರಿಗಾಲಲ್ಲೇ ಹಿಂದೆ ಓಡಿಬಂದಳು.

ತುದಿಗೆ ಬಂದಾಗ ಮೇಷ್ಟ್ರು ಬಂಡೆಯ ನೆರಳಲ್ಲಿ ಅಂಗಾತ ಮಲಗಿದ್ದರು. ಮುಖಕ್ಕೆ ಆಗಲೇ ಆಕ್ಸಿಜನ್ ಕಟ್ಟಿಯಾಗಿತ್ತು. ಭಾವ ಪಕ್ಕದಲ್ಲಿ ಮಂಡಿಯೂರಿದ್ದ. ಪಕ್ಕದಲ್ಲಿ ಅಳಿಲಿನ ಎಳನೀರಿನ ರಾಶಿ. ಅಳಿಲು ಇರಲಿಲ್ಲ, ಆಮೇಲೆ ಕೆಳಗಿನ ಝರಿಯಿಂದ ಕೊಡ ಹೊತ್ತು ಬಂದ.

ಮೇಷ್ಟ್ರ ಕಣ್ಣು ತೆರೆದಿತ್ತು. ತುಟಿ ಅಲ್ಲಾಡುತ್ತಿತ್ತು. ಬರುವುದು ಮಾತಲ್ಲ, ಬರೀ ಗೊಳಗೊಳ. ಸಿಸ್ಟರ್ ಪಾದಕ್ಕೆ ಸೂಜಿ ಚುಚ್ಚಿದಳು. ಏನೂ ಇಲ್ಲ. ಮಂಡಿಗೆ ಚುಚ್ಚಿದಳು. ಏನೂ ಇಲ್ಲ. ತಲೆಗೆ ಪೆಟ್ಟಿಲ್ಲ, ಎಲ್ಲೂ ರಕ್ತವಿಲ್ಲ.

ಎಡ ಮಣಿಕಟ್ಟು ನೋಡಿದಳು. ಬಿಸಿಲಿಗೆ ಕಪ್ಪಾದ ಕೈಯಲ್ಲಿ ಎರಡು ಬೆರಳು ಅಗಲದ ಬಿಳಿ ಗೆರೆ. ಅಲ್ಲೊಂದು ದೊಡ್ಡ ವಾಚು ಇದ್ದಿರಬೇಕು. ಈಗಿಲ್ಲ.

ಕೆಂಪು ಪಟ್ಟಿಯೂ ಇರಲಿಲ್ಲ.

*

ಈ ಪಟ್ಟಿಯ ವಿಷಯ ಹೇಳಬೇಕು. ಆಳಕ್ಕೆ ಇಳಿದು ಬಂದವರ ಮೈಯಲ್ಲಿ ಗಾಳಿ ಕರಗಿ ಕೂತಿರುತ್ತದೆ. ನಿಧಾನವಾಗಿ ಹೊರಗೆ ಹೋಗುತ್ತದೆ, ಒಂದು ದಿನ ಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ಗುಳ್ಳೆ ಏಳುತ್ತದೆ, ನರಕ್ಕೂ ಹೋಗುತ್ತದೆ, ಮಿದುಳಿಗೂ ಹೋಗುತ್ತದೆ. ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಗುಡ್ಡ ಹತ್ತಬಾರದು ಅಂತ ಯಾರಿಗೂ ಹೊಳೆಯುವುದಿಲ್ಲ. ಈ ಗುಡ್ಡವೋ, ನೀರಿನಿಂದಲೇ ಎದ್ದು ಸಾವಿರ ಮೀಟರು ನಿಂತಿದೆ.

ಅದಕ್ಕೇ ದ್ವೀಪದಲ್ಲಿ ಒಂದು ಪದ್ಧತಿ. ನೀರಿನಿಂದ ಎದ್ದವರ ಕೈಗೆ ಬೋಟಿನಲ್ಲೇ ಕೆಂಪು ಪಟ್ಟಿ ಕಟ್ಟುತ್ತಾರೆ. ಪ್ರತಿ ಪಟ್ಟಿಗೂ ನಂಬರು, ನಂಬರಿಗೊಂದು ರಿಜಿಸ್ಟರು. ಮಾರನೆಯ ದಿನ ಅದೇ ಹೊತ್ತಿಗೆ ಕತ್ತರಿಸಬೇಕು. ಪಟ್ಟಿ ಇರುವ ಕೈಯನ್ನು ಗುಡ್ಡದ ಗೇಟಿನ ತಾತ ಒಳಗೆ ಬಿಡುವುದಿಲ್ಲ. ಹತ್ತು ವರ್ಷದಿಂದ ಯಾರಿಗೂ ಏನೂ ಆಗಿಲ್ಲ. ಪಟ್ಟಿ ಇಲ್ಲ ಅಂದರೆ ನೀರಿಗೆ ಇಳಿದಿಲ್ಲ ಅಂತಲೇ ಲೆಕ್ಕ. ಸಿಸ್ಟರೂ ಹಾಗೇ ನಂಬಿದ್ದಳು.

ಮಧ್ಯಾಹ್ನ ಒಂದೂವರೆಗೆ ಮೇಷ್ಟ್ರು ಆಸ್ಪತ್ರೆಯ ಹಾಸಿಗೆ ಮೇಲಿದ್ದರು. ಪಕ್ಕದ ಗೋಡೆಯಾಚೆಯೇ ಪೊಲೀಸ್ ಚೌಕಿ. ಅಲ್ಲಿಂದ ಹವಾಲ್ದಾರ ಮೀಸೆ ತಿರುವುತ್ತಾ ಬಂದ.

"ಕೇಸು ಮುಗೀತು ಸಿಸ್ಟರ್. ಅಳಿಲನ್ನ ಒಳಗೆ ಹಾಕಿದ್ದೀನಿ."

"ಅಳಿಲನ್ನಾ? ಯಾಕೆ?"

"ವಾಚು ಎಲ್ಲಿ? ಹೋದ ವರ್ಷ ಯಾರದೋ ಕ್ಯಾಮೆರಾ ಎತ್ತಿದ್ದ ಆಸಾಮಿ. ಹಿಂದಿನಿಂದ ತಳ್ಳಿದ್ದಾನೆ, ವಾಚು ಬಿಚ್ಚಿದ್ದಾನೆ. ನೋಡಿ, ಹೊಟ್ಟೆ ಮೇಲೆ ಹೊಡೆದ ಗುರುತು!"

ಮೇಷ್ಟ್ರ ಹೊಟ್ಟೆಯ ಮೇಲೆ ನೀಲಿ ಕಲೆಗಳಿದ್ದವು. ಜಾಲಜಾಲವಾಗಿ, ಅಮೃತಶಿಲೆಯ ಗೆರೆಗಳ ಹಾಗೆ. ಸಿಸ್ಟರ್ ಬೆರಳಿಂದ ಒತ್ತಿ ನೋಡಿದಳು. ಗುದ್ದಿದರೆ ಹೀಗಾಗುವುದಿಲ್ಲ. ಹೀಗಾಗುವುದು ಯಾವುದರಿಂದ ಅಂತ ಅವಳಿಗೆ ಓದಿದ ನೆನಪಿತ್ತು.

"ಭಾವ, ಇವರು ಯಾವಾಗ ಡೈವ್ ಮಾಡಿದ್ರು?"

ಭಾವ ಆಕ್ಸಿಜನ್ ಮೀಟರು ನೋಡುತ್ತಿದ್ದ. ಅವಳು ಇನ್ನೊಮ್ಮೆ ಕೇಳಬೇಕಾಯಿತು.

"ಮೊನ್ನೆ. ಹನ್ನೆರಡು ಮೀಟರು. ನಿನ್ನೆ ಬೆಳಿಗ್ಗೆ ಪಟ್ಟಿ ಕತ್ತರಿಸಿದೆ. ರಿಜಿಸ್ಟರ್ ಇದೆ, ನೋಡು ಬೇಕಾದ್ರೆ."

"ಇವತ್ತು?"

"ಇವತ್ತು ಬೋಟೇ ಹೋಗಿಲ್ಲ ಮರಿ. ನನ್ನ ಅಸಿಸ್ಟೆಂಟು ರಜ."

*

ಡಾಕ್ಟರು ಫೋನಿನಲ್ಲಿ ಸಿಕ್ಕಾಗ ಎರಡು ಗಂಟೆ.

"ಸಿಸ್ಟರ್, ಸರಿಯಾಗಿ ಕೇಳ್ಕೊಳ್ಳಿ. ಬಿದ್ದು ಬೆನ್ನುಮೂಳೆ ಮುರಿದಿದ್ರೆ ನಾಲ್ಕು ಗಂಟೆ ವಿಮಾನಕ್ಕೆ ಕಳಿಸಿ. ಬೋಟಲ್ಲಿ ಕಳಿಸಿದ್ರೆ ಅಲೆಗೆ ಕುಲುಕಿ ಇರೋ ನರಾನೂ ಹೋಗತ್ತೆ. ಆದರೆ ಇವತ್ತು ಡೈವ್ ಮಾಡಿದ್ರೆ ವಿಮಾನ ಹತ್ತಿಸಲೇಬೇಡಿ. ಆ ಪುಟ್ಟ ವಿಮಾನ ಎತ್ತರಕ್ಕೆ ಏರಿದ ತಕ್ಷಣ ಉಳಿದ ಗುಳ್ಳೆಯೂ ಏಳತ್ತೆ. ದಾರೀಲೇ ಹೋಗಿಬಿಡ್ತಾರೆ. ಆಗ ಬೋಟಲ್ಲಿ ಬಂದರಿಗೆ ಕಳಿಸಬೇಕು, ಅಲ್ಲಿ ಒತ್ತಡದ ಚೇಂಬರ್ ಇದೆ, ಗುಳ್ಳೆ ಮತ್ತೆ ಕರಗಿಸತ್ತೆ."

"ಹೊಟ್ಟೆ ಮೇಲೆ ಕಲೆ ಇದೆ ಸರ್. ಆಕ್ಸಿಜನ್ ಕೊಟ್ಟ ಮೇಲೆ ಬಲಗೈ ಬೆರಳು ಅಲ್ಲಾಡ್ತಾ ಇದೆ. ಮೊದಲು ಅಲ್ಲಾಡ್ತಾ ಇರಲಿಲ್ಲ."

"ಡೈವ್ ಮಾಡಿದ್ರಾ?"

"ಇಲ್ಲ ಅಂತಾರೆ. ಪಟ್ಟಿ ಇಲ್ಲ."

"ನನಗೆ ಅಂತೆಕಂತೆ ಬೇಡ ಸಿಸ್ಟರ್. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಗಂಟೆಗೆ ಮೇಲೆ ಬಂದ್ರು. ಅದಿಲ್ಲದೆ ಚೇಂಬರ್‌ನವರೂ ಏನು ಮಾಡಕ್ಕಾಗಲ್ಲ. ಪತ್ತೆ ಮಾಡಿ."

ಪತ್ತೆ ಮಾಡಿ! ಹೇಳಿದಷ್ಟು ಸುಲಭವೇ? ಗೊತ್ತಿರುವ ಮನುಷ್ಯನಿಗೆ ಮಾತು ಹೋಗಿದೆ. ಆಳ, ಹೊತ್ತು ಎಲ್ಲ ತಾನಾಗಿ ಬರೆದಿಟ್ಟುಕೊಳ್ಳುವ ಡೈವಿಂಗ್ ವಾಚು ಕಳೆದುಹೋಗಿದೆ. ಎರಡು ದಾರಿ ಇವೆ. ಒಂದರಲ್ಲಿ ಹೋದರೆ ಮನುಷ್ಯ ಉಳಿಯಬಹುದು, ಇನ್ನೊಂದರಲ್ಲಿ ಹೋದರೆ ಇಲ್ಲ. ಯಾವುದು ಯಾವುದೆಂದು ಗೊತ್ತಿಲ್ಲ.

ಮಗಳು ಅಪ್ಪನ ಕೈ ಹಿಡಿದು ಕೂತಿದ್ದಳು. ಸಿಸ್ಟರ್ ಅವಳೆದುರು ಸ್ಟೂಲ್ ಎಳೆದುಕೊಂಡಳು.

"ಬೆಳಿಗ್ಗೆ ಅಪ್ಪ ಎಲ್ಲಿ ಹೋಗಿದ್ರಮ್ಮ?"

"ನಾನು ಎದ್ದಾಗ ರೂಮಲ್ಲಿ ಇರಲಿಲ್ಲ. ಏಳೂವರೆಗೆ ಬಂದ್ರು. ವಾಕಿಂಗ್ ಅಂದ್ರು."

"ಕೂದಲು ಒದ್ದೆ ಇತ್ತಾ?"

ಹುಡುಗಿ ಯೋಚಿಸಿದಳು. "ಇತ್ತು. ಬೆವರು ಅಂದ್ಕೊಂಡೆ. ತುಂಬಾ ಖುಷಿಯಾಗಿದ್ರು ಆಂಟಿ. ಸಂಜೆ ನಿನಗೊಂದು ಕಥೆ ಹೇಳ್ತೀನಿ, ಈಗ ಕೇಳಬೇಡ ಅಂದ್ರು."

"ಫೋಟೋ ಏನಾದ್ರೂ ತೆಗೆದ್ರಾ?"

ಗೇಟಿನ ಮುಂದೆ ಎಂಟೂವರೆಗೆ ತೆಗೆದ ಒಂದು ಫೋಟೋ ಇತ್ತು. ಅಪ್ಪ ಮಗಳು ತಲೆಗೆ ತಲೆ ತಾಗಿಸಿ ನಗುತ್ತಿದ್ದಾರೆ. ಮೇಷ್ಟ್ರ ಎಡಗೈಯಲ್ಲಿ ದೊಡ್ಡ ಕಪ್ಪು ವಾಚು. ಸಿಸ್ಟರ್ ಮುಖವನ್ನು ದೊಡ್ಡದು ಮಾಡಿ ನೋಡಿದಳು. ಹಣೆಯ ಮೇಲೆ, ಕೆನ್ನೆಯ ಮೇಲೆ, ಮೂಗಿನ ಕೆಳಗೆ ಕೆಂಪು ಗೆರೆ. ನೀರಿಗೆ ಇಳಿಯುವವರ ಮಾಸ್ಕ್ ಒತ್ತಿ ಬಿದ್ದ ಗೆರೆ.

ಗೇಟಿನ ತಾತನಿಗೆ ಫೋನು ಮಾಡಿದಳು.

"ಕೈ ನೋಡಿದೆ, ಪಟ್ಟಿ ಇರಲಿಲ್ಲ, ಬಿಟ್ಟೆ."

"ಮುಖ ನೋಡಿದ್ರಾ ತಾತ?"

"ಮುಖ ಯಾಕಮ್ಮ ನೋಡ್ಲಿ? ಕೈ ನೋಡು ಅಂತ ತಾನೇ ರೂಲು!"

ಡಾಕ್ಟರಿಗೆ ಮತ್ತೆ ಹೇಳಿದಳು. ಅವರು ನಿಟ್ಟುಸಿರು ಬಿಟ್ಟರು. "ನೀರಿನ ಮೇಲೆ ತೇಲ್ತಾ ಮೀನು ನೋಡೋರೂ ಮಾಸ್ಕ್ ಹಾಕ್ತಾರೆ ಸಿಸ್ಟರ್. ಅದರಿಂದ ಏನೂ ಆಗಲ್ಲ. ಆಳ ಬೇಕು. ಆಳ."

*

ಚೌಕಿಯ ಕಂಬಿಯ ಹಿಂದೆ ಅಳಿಲು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ನಾನು ತಗೊಂಡಿಲ್ಲ ಸಿಸ್ಟರಮ್ಮ. ಕ್ಯಾಮೆರಾ ತಗೊಂಡಿದ್ದೆ, ಹೌದು. ಇದು ತಗೊಂಡಿಲ್ಲ."

"ನೀನು ನೋಡಿದಾಗ ವಾಚು ಇತ್ತಾ?"

"ಇತ್ತು. ತಟ್ಟೆಯಷ್ಟು ಅಗಲ. ಕೈ ಎತ್ತಿ ಎದೆ ಮೇಲೆ ಇಟ್ಟೋನೇ ನಾನು."

ಹವಾಲ್ದಾರ ಹಿಂದಿನಿಂದ ನಕ್ಕ. "ಕೇಳಿದ್ರಾ? ಬಾಯಿ ಬಿಟ್ಟ!"

"ಸ್ವಲ್ಪ ಸುಮ್ನಿರಿ ಹವಾಲ್ದಾರ್ರೇ. ಕದ್ದವನಾಗಿದ್ರೆ ವಾಚೇ ಇರಲಿಲ್ಲ ಅನ್ನಲ್ವಾ? ಇತ್ತು ಅಂತ ತಾನೇ ಹೇಳಿ ಕುತ್ತಿಗೆ ಕೊಡ್ತಾನಾ?"

ಹವಾಲ್ದಾರನ ಕೈ ಮೀಸೆಯ ಮೇಲೆಯೇ ನಿಂತಿತು.

"ನೀನು ಅಲ್ಲಿಂದ ಹೋಗುವಾಗ?" ಸಿಸ್ಟರ್ ಕೇಳಿದಳು.

"ಆಗಲೂ ಇತ್ತು. ಯಜಮಾನರು ಓಡಿ ಬಂದ್ರು. ಝರೀಗೆ ಹೋಗಿ ನೀರು ತಗೊಂಡು ಬಾ, ಓಡು ಅಂದ್ರು. ಎಳನೀರು ಇದೆಯಲ್ಲ ಯಜಮಾನ್ರೇ, ಒಂದು ರಾಶಿ ಇದೆ ಅಂದೆ. ಅದು ಬೇಡ, ನೀರೇ ಬೇಕು ಅಂದ್ರು. ಓಡಿದೆ."

ಸಿಸ್ಟರ್ ಕಂಬಿ ಹಿಡಿದುಕೊಂಡಳು. ನೀರು ಮೇಷ್ಟ್ರಿಗೆ ಕುಡಿಸಿದ್ದನ್ನು ಅವಳು ನೋಡಿರಲಿಲ್ಲ. ಕೊಡ ಹಾಗೇ ಬಂಡೆಯ ಪಕ್ಕ ಇತ್ತು.

ಅಳಿಲು ಹೋದ ಮೇಲೆ, ಅವಳು ಬರುವ ಮೊದಲು ಹತ್ತು ನಿಮಿಷ. ಆ ಹತ್ತು ನಿಮಿಷ ಮೇಷ್ಟ್ರ ಹತ್ತಿರ ಇದ್ದವನು ಒಬ್ಬನೇ.

ಬೇಡ ಅಂತ ಮನಸ್ಸು ಎಷ್ಟು ಬಡಿದುಕೊಂಡರೂ ಒಂದೊಂದೇ ನೆನಪಾಯಿತು. ಬೆನ್ನು ಮುರಿದಿದೆ, ಸ್ಟ್ರೆಚರ್ ತನ್ನಿ ಅಂತ ತಾನೇ ಅವಳು ಹೇಳಿದ್ದು? ಆಕ್ಸಿಜನ್ ಯಾಕೆ ತಂದ? ಬೆನ್ನು ಮುರಿದವರಿಗೆ ಯಾರು ಆಕ್ಸಿಜನ್ ಹೊತ್ತು ಓಡುತ್ತಾರೆ? ಫೋನಿನಲ್ಲಿ ಮೇಷ್ಟ್ರು ಅಂದ ಕೂಡಲೇ ಅವನಿಗೆ ಏನಾಗಿದೆ ಅಂತ ಗೊತ್ತಾಗಿತ್ತು.

ಹೊರಗೆ ಬಂದು ಆಸ್ಪತ್ರೆಯ ಜಗಲಿಯ ಮೇಲೆ ಕೂತಳು. ಭಾವ ಒಳಗೆ ಮೇಷ್ಟ್ರ ಮಾಸ್ಕಿನ ದಾರ ಸಡಿಲಿಸುತ್ತಿದ್ದ, ಕೆನ್ನೆಗೆ ಒತ್ತದ ಹಾಗೆ, ಮಗುವಿಗೆ ಟೋಪಿ ಕಟ್ಟುವಷ್ಟು ನಾಜೂಕಾಗಿ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಮಧ್ಯಾಹ್ನದಿಂದ ಪಕ್ಕದಲ್ಲೇ ಇದ್ದಾನೆ. ಆಳ ಎಷ್ಟು ಆಳ ಎಷ್ಟು ಅಂತ ಅವಳು ಊರೆಲ್ಲ ಬಾಯಿ ಬಡಿದುಕೊಳ್ಳುವುದನ್ನು ಕೇಳುತ್ತಲೇ ಇದ್ದಾನೆ. ತುಟಿ ಪಿಟಕ್ ಅಂದಿಲ್ಲ.

ಹೋಗಿ ಕೇಳಿದರೆ ಇಲ್ಲ ಅನ್ನುತ್ತಾನೆ. ಒಮ್ಮೆ ಇಲ್ಲ ಅಂದವನು ಎರಡನೇ ಸಲವೂ ಇಲ್ಲ ಅನ್ನುತ್ತಾನೆ. ಗಂಟೆ ಮೂರೂ ಕಾಲು.

ಬೋಟಿನ ಆಳುಗಳಲ್ಲಿ ಒಬ್ಬನನ್ನು ಕರೆದು ಕಿವಿಯಲ್ಲಿ ಹೇಳಿದಳು. "ಬೋಟಿಗೆ ಪೂರ್ತಿ ಡೀಸೆಲ್ ಹಾಕು. ಆಕ್ಸಿಜನ್ ಸಿಲಿಂಡರ್ ಎಷ್ಟಿವೆಯೋ ಅಷ್ಟೂ ಏರಿಸು. ಯಜಮಾನರಿಗೆ ಹೇಳಬೇಡ."

*

ವಿಮಾನದ ಬಯಲು ಆಸ್ಪತ್ರೆಯಿಂದ ಐದು ನಿಮಿಷ. ಹನ್ನೆರಡು ಸೀಟಿನ ವಿಮಾನ ಬಾಗಿಲು ತೆರೆದು ನಿಂತಿತ್ತು. ಸ್ಟ್ರೆಚರಿನ ತಲೆಯ ಕಡೆ ಭಾವ, ಕಾಲಿನ ಕಡೆ ಹವಾಲ್ದಾರ, ಮೇಷ್ಟ್ರ ಪಕ್ಕದಲ್ಲಿ ಆಕ್ಸಿಜನ್ನಿನ ಹಸಿರು ಪೆಟ್ಟಿಗೆ. ಮಗಳು ಪಕ್ಕದಲ್ಲಿ ಬ್ಯಾಗು ಹಿಡಿದು ಕುಂಟುತ್ತಿದ್ದಳು.

"ಭಾವ, ನೀವು ಹೇಳಿದ್ದನ್ನೇ ನಂಬಿದ್ದೀನಿ," ಸಿಸ್ಟರ್ ಅಂದಳು. "ಇವತ್ತು ಇವರು ನೀರಿಗೆ ಇಳಿದಿಲ್ಲ ಅಂತ ಡಾಕ್ಟರಿಗೆ ಹೇಳ್ತೀನಿ. ವಿಮಾನ ಹತ್ತಿಸಿ."

ಅವನು ಸ್ಟ್ರೆಚರ್ ಬಿಗಿಹಿಡಿದು ನಡೆದ.

"ಎತ್ತರಕ್ಕೆ ಹೋದ ಮೇಲೆ ಏನಾದ್ರೂ ಆದ್ರೆ ಪಕ್ಕದಲ್ಲಿ ಇರೋದು ಈ ಹುಡುಗಿ ಒಬ್ಬಳೇ. ಅವಳ ಕಣ್ಣೆದುರೇ ಆಗತ್ತೆ. ಆಗಲಿ ಬಿಡಿ. ಹತ್ತಿಸಿ."

ಮೆಟ್ಟಿಲ ಹತ್ತಿರ ಬಂದರು. ಭಾವ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಸಿಸ್ಟರ್ ಒಂದು ಹೆಜ್ಜೆ ಮುಂದಿಟ್ಟಳು. ಅವನು ಹತ್ತಿಬಿಟ್ಟರೆ? ಆಗ ತಾನೇ ಅಡ್ಡ ಬೀಳಬೇಕು, ಪುರಾವೆ ಇಲ್ಲದೆ ಬೋಟಿಗೆ ಹಾಕಬೇಕು, ಲೆಕ್ಕ ತಪ್ಪಿದ್ದರೆ ಮೇಷ್ಟ್ರನ್ನು ಕೊಂದವಳು ತಾನೇ. ಇನ್ನೊಂದು ಮೆಟ್ಟಿಲು ಹತ್ತಿದ.

ಅಲ್ಲಿ ನಿಂತ.

"ಇಳಿಸಿ," ಅಂದ. "ಇಳಿಸ್ರೋ. ಇಳಿಸಿ ಕೆಳಗೆ."

"ಯಾಕೆ ಭಾವ?"

ಅವನು ಹಸಿರು ಪೆಟ್ಟಿಗೆ ತೆರೆದು, ಒಳಗಿನ ಸ್ಪಂಜು ಕಿತ್ತು, ಕಪ್ಪು ವಾಚು ತೆಗೆದು ಅವಳ ಕೈಗಿಟ್ಟ. ಕಣ್ಣಿಗೆ ಕಣ್ಣು ಕೊಡಲಿಲ್ಲ.

ಸಿಸ್ಟರ್ ಗುಂಡಿ ಒತ್ತಿದಳು. ಬೆಳಿಗ್ಗೆ ಆರೂ ಐದು. ನಲವತ್ತೊಂದು ಮೀಟರು. ಇಪ್ಪತ್ತೆಂಟು ನಿಮಿಷ. ಮೇಲೆ ಬರುವಾಗ ನಿಲ್ಲಬೇಕಾದ ಕಡೆ ನಿಂತಿಲ್ಲ ಅಂತ ಕೆಂಪು ಗುರುತು. ಅಲ್ಲೇ ಡಾಕ್ಟರಿಗೆ ಓದಿ ಹೇಳಿದಳು.

"ಬೋಟು. ಈಗಲೇ. ಚೇಂಬರ್ ಸಿದ್ಧ ಮಾಡಿಸ್ತೀನಿ." ಆಮೇಲೆ ಅಂದರು, "ಇದು ಹನ್ನೆರಡು ಗಂಟೆಗೇ ಗೊತ್ತಾಗಿದ್ರೆ ಇಷ್ಟು ಹೊತ್ತಿಗೆ ಅರ್ಧ ದಾರಿ ಹೋಗಿರ್ತಿದ್ರಿ ಸಿಸ್ಟರ್."

"ಕಾಲು ಬರತ್ತಾ ಸರ್?"

"ಗೊತ್ತಿಲ್ಲ."

ಹವಾಲ್ದಾರ ಭಾವನ ರಟ್ಟೆ ಹಿಡಿದ. ಭಾವ ಬಿಡಿಸಿಕೊಳ್ಳಲಿಲ್ಲ.

"ಲಂಗರು ಬಂಡೆ ಸಂದಿಗೆ ಸಿಕ್ಕಿಕೊಂಡಿತ್ತು," ಅಂದ. "ನಮ್ಮಪ್ಪನ ಕಾಲದ್ದು. ಮೊನ್ನೆಯಿಂದ ಅಲ್ಲೇ ಇತ್ತು, ಹಗ್ಗಕ್ಕೆ ಡಬ್ಬ ಕಟ್ಟಿ ತೇಲಿಬಿಟ್ಟಿದ್ದೆ. ಇವರು ಒಳ್ಳೇ ಡೈವರು. ನಾನು ಬಿಡಿಸಿ ಕೊಡ್ತೀನಿ ಬಿಡಿ ಅಂದ್ರು."

"ನೀವ್ಯಾಕೆ ಇಳಿಯಲಿಲ್ಲ?"

"ಬಲಗಿವಿ ಪರದೆ ಹೋಗಿ ಆರು ತಿಂಗಳಾಯ್ತು ಮರಿ. ಮೂರು ಮೀಟರ್ ಇಳಿದ್ರೆ ತಲೆ ಸೀಳಿದ ಹಾಗಾಗತ್ತೆ. ಅಸಿಸ್ಟೆಂಟ್ ಇಳಿತಾನೆ, ನಾನು ಮೇಲೆ ಕೂತಿರ್ತೀನಿ. ಯಾರಿಗೂ ಗೊತ್ತಿಲ್ಲ."

ಹೋದ ತಿಂಗಳು ಅಕ್ಕ ಬಂದು, ನನ್ನ ಕಿವಿ ನೋಯ್ತಾ ಇದೆ, ಒಂದು ಡ್ರಾಪ್ಸ್ ಕೊಡೇ ಅಂದಿದ್ದಳು. ಸಿಸ್ಟರ್ ಕಿವಿ ನೋಡದೆಯೇ ಕೊಟ್ಟಿದ್ದಳು.

"ಹಗ್ಗ ಕತ್ತರಿಸಿಬಿಡಬಹುದಿತ್ತಲ್ಲ ಭಾವ! ಒಂದು ಕಬ್ಬಿಣದ ತುಂಡು!"

"ಕತ್ತರಿಸಬಹುದಿತ್ತು," ಅಂದ ಅವನು. "ಪಟ್ಟಿ ಕಟ್ಟಿದ್ರೆ ರಿಜಿಸ್ಟರಲ್ಲಿ ಬರೀಬೇಕು. ಗಿರಾಕೀನ ಒಬ್ಬನೇ ಆಳಕ್ಕೆ ಇಳಿಸಿದೆ ಅಂತ ಗೊತ್ತಾದ್ರೆ ಅಂಗಡಿ ಮುಚ್ಚಿಸ್ತಾರೆ. ಅದಕ್ಕೇ ಕಟ್ಟಲಿಲ್ಲ. ಆದ್ರೆ ಗುಡ್ಡ ಹತ್ತಬೇಡಿ ಅಂದಿದ್ದೆ ಮರಿ. ಕೈ ಮುಗಿದು ಹೇಳಿದ್ದೆ. ಅವರು ಕೇಳಲಿಲ್ಲ."

ಆ ಒಂದು ಮಾತನ್ನು ಸಿಸ್ಟರ್ ಗಟ್ಟಿಯಾಗಿ ಹಿಡಿದುಕೊಂಡಳು.

*

ಬಂದರಿಗೆ ಬೇರೆ ಬೋಟಿನಲ್ಲಿ ಎಂಟು ಗಂಟೆ ದಾರಿ. ಭಾವನ ಬೋಟಿನಲ್ಲಿ ಐದು. ಅದನ್ನು ಬಂಡೆಗಳ ನಡುವೆ ಆ ವೇಗದಲ್ಲಿ ಓಡಿಸಬಲ್ಲವನು ಅವನೊಬ್ಬನೇ. ಹವಾಲ್ದಾರ ಕೈಬೇಡಿ ತೆಗೆದವನು ಮತ್ತೆ ಜೇಬಿಗೆ ಹಾಕಿಕೊಂಡ, ಅಳಿಲನ್ನು ಬಿಟ್ಟುಬಿಡಿ ಅಂತ ಚೌಕಿಗೆ ಫೋನು ಮಾಡಿದ.

ಬೋಟು ನಿಲ್ಲುವ ದಕ್ಕೆಯ ಮೇಲೆ ಅಕ್ಕ ನಿಂತಿದ್ದಳು. ಸುದ್ದಿ ಅವಳಿಗೆ ಮೊದಲೇ ತಲುಪಿತ್ತು. ಸಿಸ್ಟರ್ ಅವಳ ಕೈ ಹಿಡಿದು ಹೇಳಿದಳು, "ಭಾವ ಹತ್ತಬೇಡಿ ಅಂದಿದ್ರಂತೆ ಅಕ್ಕ. ಅವರೇ ಕೇಳಲಿಲ್ಲವಂತೆ." ಅಕ್ಕ ತಲೆಯಾಡಿಸಿದಳು. ಇಬ್ಬರಿಗೂ ಸದ್ಯಕ್ಕೆ ಅಷ್ಟು ಸಾಕಾಗಿತ್ತು.

ಬೋಟು ಹೊರಟಿತು. ಮಗಳು ಅಪ್ಪನ ತಲೆಯ ಹತ್ತಿರ ಕೂತು ಸ್ಟೀರಿಂಗ್ ಹಿಡಿದ ಭಾವನ ಬೆನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ, ಶಪಿಸಲಿಲ್ಲ. ಒಮ್ಮೆ ಮಾತ್ರ "ಇನ್ನೂ ಜೋರಾಗಿ ಹೋಗಕ್ಕಾಗಲ್ವಾ?" ಅಂತ ಕೇಳಿದಳು. ಭಾವ ಇನ್ನೂ ಸ್ವಲ್ಪ ವೇಗ ಏರಿಸಿದ.

ಹವಾಲ್ದಾರ ಡೈರಿ ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದ. "ಸಿಸ್ಟರ್, ನನಗೆ ಒಂದು ಅರ್ಥ ಆಗ್ತಾ ಇಲ್ಲ. ಮೊದಲು ಯಾವಾಗ ಅನುಮಾನ ಬಂತು?"

"ಬೆರಳು ಅಲ್ಲಾಡಿದಾಗ. ಬೆನ್ನು ಮುರಿದಿದ್ರೆ ಆಕ್ಸಿಜನ್‌ಗೆ ಬೆರಳು ಅಲ್ಲಾಡಲ್ಲ. ಆದ್ರೆ ಅದು ಮೇಷ್ಟ್ರ ಮೇಲಿನ ಅನುಮಾನ, ಕದ್ದು ಇಳಿದಿದ್ದಾರೆ ಅಂತ. ಭಾವನ ಮೇಲೆ ಬರಲಿಲ್ಲ. ಬರಲೇ ಇಲ್ಲ ನನಗೆ."

"ಅಳಿಲು ಹೇಳಿದ ಮೇಲೆ ಬಂತಾ?"

"ಎಳನೀರಿನ ರಾಶಿ ಪಕ್ಕದಲ್ಲಿ ಇಟ್ಕೊಂಡು ಯಾರಾದ್ರೂ ಝರಿಗೆ ನೀರಿಗೆ ಕಳಿಸ್ತಾರಾ? ಅವನನ್ನ ಅಲ್ಲಿಂದ ಸಾಗಹಾಕಬೇಕಿತ್ತು, ಅಷ್ಟೇ. ವಾಚು ಕಳ್ಳನಿಗೆ ಬರೀ ವಾಚು. ಅದರೊಳಗಿನ ಆಳಕ್ಕೆ ಹೆದರೋನು ದ್ವೀಪದಲ್ಲಿ ಒಬ್ಬನೇ. ಅದಾದ ಮೇಲೆ ಆಕ್ಸಿಜನ್ ನೆನಪಾಯ್ತು. ನಾನು ಕೇಳಿರಲಿಲ್ಲ ಹವಾಲ್ದಾರ್ರೇ. ತಾನಾಗೇ ತಂದಿದ್ರು. ಉಳಿಸಬೇಕು ಅಂತಲೂ ಇತ್ತು, ಮುಚ್ಚಿಡಬೇಕು ಅಂತಲೂ ಇತ್ತು. ಎರಡೂ ಒಟ್ಟಿಗೆ ಆಗಲ್ಲ."

"ವಿಮಾನಕ್ಕೆ ನಿಜವಾಗ್ಲೂ ಹತ್ತಿಸ್ತಿದ್ರಾ?"

"ಇಲ್ಲ. ಏನು ಮಾಡ್ತಿದ್ದೆ ಅಂತಾನೂ ಗೊತ್ತಿಲ್ಲ."

ಹವಾಲ್ದಾರ ಬರೆದುಕೊಂಡ. ಕೊನೆಗೆ ಓದಿ ಹೇಳಿದ: ಗುಡ್ಡ ಹತ್ತಬಾರದೆಂದು ಆರೋಪಿಯು ಎಚ್ಚರಿಕೆ ನೀಡಿದ್ದು, ಗಾಯಾಳು ಅದನ್ನು ಲೆಕ್ಕಿಸದೆ ಹತ್ತಿರುತ್ತಾರೆ. "ಇದು ನಿಮ್ಮ ಭಾವನಿಗೆ ಸ್ವಲ್ಪ ಅನುಕೂಲ ಆಗತ್ತೆ ಸಿಸ್ಟರ್," ಅಂದ ಮೆಲ್ಲಗೆ. ಅವನೂ ಮನುಷ್ಯನೇ.

ಬಿಸಿಲು ಇಳಿಯುತ್ತಿತ್ತು. ಮಗಳು ಲೈಫ್ ಜಾಕೆಟ್‌ಗಳ ಮೇಲೆ ತಲೆಯಿಟ್ಟು ಹಾಗೇ ನಿದ್ದೆ ಹೋದಳು. ಸಿಸ್ಟರ್ ಸಿಲಿಂಡರ್ ಬದಲಾಯಿಸಿ ತಿರುಗಿದಾಗ ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. ಕಣ್ಣು ತಿಳಿಯಾಗಿತ್ತು. ಅಲ್ಲಾಡುವ ಕೈಯಿಂದ ಮಾಸ್ಕ್ ಸರಿಸಿದರು.

"ಸಿಸ್ಟರ್." ಮಾತು ತೊದಲುತ್ತಿತ್ತು, ಆದರೆ ಮಾತೇ ಆಗಿತ್ತು. "ನನ್ನ ಮಗಳು ನನ್ನ ಬೈಕೊಳ್ತಾ ಇದ್ದಾಳಾ?"

"ಇಲ್ಲ ಸರ್. ಮಾತಾಡಬೇಡಿ. ಮಾಸ್ಕ್ ಹಾಕ್ಕೊಳ್ಳಿ."

"ಅವಳಿಗೆ ಹೇಳಿ. ನಾನು ಕೇಳಿದ್ದೆ. ಪಟ್ಟಿ ಕಟ್ಟಿ ಅಂತ ಯಜಮಾನರಿಗೆ ಅಂದೆ. ಬೇಡ ಅಂದ್ರು." ಉಸಿರು ತೆಗೆದುಕೊಂಡರು. "ಗುಡ್ಡಕ್ಕೆ ಹೋಗೋದು ಬೇಡ ಅಲ್ವಾ ಅಂದೆ. ಹೋಗದಿದ್ರೆ ಮಗಳು ಯಾಕೆ ಅಂತ ಕೇಳ್ತಾಳೆ, ಏನೂ ಆಗಲ್ಲ, ಹೋಗಿ ಬನ್ನಿ ಅಂದ್ರು. ಅವರು ತಿಳಿದೋರು. ಅದಕ್ಕೇ ಹತ್ತಿದೆ."

ಸಿಸ್ಟರ್ ಮಾಸ್ಕ್ ಮತ್ತೆ ಕಟ್ಟಿದಳು.

ಎಂಜಿನ್ನಿನ ಸದ್ದಿಗೆ ಹವಾಲ್ದಾರನಿಗೆ ಏನೂ ಕೇಳಿಸಿರಲಿಲ್ಲ. ಮುಂದಿನಿಂದ ಕೂಗಿದ. "ಮಾತು ಬಂತಾ? ಏನಂದ್ರು?"

ಏನಿಲ್ಲ ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಬರೀ ಮೂರಕ್ಷರ, ಬೇಡವೆಂದರೂ ಬಾಯಿಗೆ ಬರುತ್ತಿತ್ತು. ದಕ್ಕೆಯ ಮೇಲೆ ತಲೆಯಾಡಿಸಿದ ಅಕ್ಕ ಕಣ್ಣಮುಂದೆ ಬಂದಳು. ನರ್ಸಿಂಗ್ ಕಾಲೇಜಿನ ಗೇಟಿನವರೆಗೆ ಟ್ರಂಕು ಹೊತ್ತು ಬಂದಿದ್ದ ಭಾವ ಬಂದ. ಅಯ್ಯೋ, ಈ ಮನುಷ್ಯನಿಗೆ ಮಾತು ಬರದೆಯೇ ಇದ್ದಿದ್ದರೆ ಅಂತ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಎದ್ದು ಮುಂದೆ ಹೋದಳು. ಭಾವನ ಎಡಗಡೆಗೆ, ಅವನಿಗೂ ಕೇಳುವ ಹಾಗೆ ನಿಂತಳು.

"ಬರೆದದ್ದು ಹೊಡೆದುಹಾಕಿ ಹವಾಲ್ದಾರ್ರೇ. ಮತ್ತೆ ಬರ್ಕೊಳ್ಳಿ."

ಮೇಷ್ಟ್ರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಹವಾಲ್ದಾರ ಬರೆದ. ಬರೆದು ಮುಗಿಸಿದವನು ದಡಕ್ಕನೆ ಎದ್ದು ಭಾವನ ಕಾಲರಿಗೆ ಕೈ ಹಾಕಿದ. ಸಿಸ್ಟರ್ ಆ ಕೈ ಹಿಡಿದುಕೊಂಡಳು.

"ಈಗ ಬೇಡ. ಇನ್ನೂ ಮೂರು ಗಂಟೆ ದಾರಿ ಇದೆ. ಇವರೇ ಓಡಿಸಬೇಕು."

ಭಾವ ಅವಳ ಕಡೆ ತಿರುಗಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಸ್ಟೀರಿಂಗ್ ಬಿಡುವಂತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಆಮೇಲೆ ತನ್ನ ಕರವಸ್ತ್ರದಿಂದ ಅವನ ಕಣ್ಣು ಒರೆಸಿದಳು, ದಾರಿ ಕಾಣಲಿ ಅಂತ.